ನಿಮಗಿದು ಗೊತ್ತೇ? ಹಿಮನೀರಿನಲ್ಲೂ ಮೈ ಒದ್ದೆಯಾಗದ ಡೈವಿಂಗ್

● ಶಾಖವನ್ನು ಸಾಗಿಸುವುದರಲ್ಲಿ ನೀರು ಗಾಳಿಗಿಂತ ಸುಮಾರು 25 ಪಟ್ಟು ಮುಂದು. ತಣ್ಣೀರಿಗಿಳಿದವರ ಮೈ ಬೇಗ ಸೆಟೆಯುವುದು ಇದಕ್ಕೇ. ಮೈಗೂ ನೀರಿಗೂ ನಡುವೆ ಗಾಳಿಯ ಪದರವೊಂದನ್ನು ಉಳಿಸುವ ಉಡುಪೇ ಡ್ರೈಸೂಟ್.

● ಡ್ರೈಸೂಟ್‌ನ ಕುತ್ತಿಗೆ, ಮಣಿಕಟ್ಟುಗಳಲ್ಲಿ ಚರ್ಮಕ್ಕೆ ಅಂಟಿ ಕೂರುವ ರಬ್ಬರ್ ಪಟ್ಟಿಗಳಿವೆ. ನಾಲ್ಕು ಕೂದಲು ಅಡಿಗೆ ಸಿಕ್ಕಿದರೂ ಸಾಕು, ನೀರು ಜಿನುಗುತ್ತದೆ. ಕುತ್ತಿಗೆಯ ಪಟ್ಟಿ ತೀರಾ ಬಿಗಿಯಾದರೆ ರಕ್ತನಾಳ ಒತ್ತಿ ತಲೆ ಸುತ್ತಬಹುದು.

● ತೆಳು ಬಟ್ಟೆಯ ಡ್ರೈಸೂಟ್ ನೀರನ್ನಷ್ಟೇ ತಡೆಯುತ್ತದೆ, ಬೆಚ್ಚಗಿಡುವುದು ಒಳಉಡುಪು. ಹತ್ತಿಬಟ್ಟೆ ಬೆವರು ಹೀರಿ ತಣ್ಣಗಾಗುತ್ತದೆ. ಉಣ್ಣೆ ಒದ್ದೆಯಾದರೂ ಬಿಸುಪು ಬಿಟ್ಟುಕೊಡದು.

● 10 ಮೀಟರ್ ಆಳದಲ್ಲಿ ಸೂಟ್‌ನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, 30 ಮೀಟರಿನಲ್ಲಿ ಕಾಲುಭಾಗಕ್ಕೆ. ಹೊಸಬರು ಗಾಳಿ ತುಂಬಲು ಮರೆತರೆ ಸೂಟ್ ಮೈಯನ್ನು ಹಿಂಡುತ್ತದೆ. ಅದರ ಮಡಿಕೆಗಳು ಚರ್ಮವನ್ನು ಚಿವುಟಿ ಕೆಂಪು ಬರೆ ಮೂಡಿಸುತ್ತವೆ. ಎದೆಯ ಮೇಲಿನ ಗುಂಡಿಯನ್ನು ಆಗಾಗ ಒತ್ತಿ, ಚೂರುಚೂರೇ ಗಾಳಿ ಬಿಟ್ಟುಕೊಳ್ಳುವುದು ಮೊದಲ ಪಾಠ.

● ಮೇಲೇರುವಾಗ ಅದೇ ಗಾಳಿ ಹಿಗ್ಗುತ್ತದೆ. ಅದು ಹೊರಹೋಗುವ ವಾಲ್ವ್ ಸಾಮಾನ್ಯವಾಗಿ ಎಡತೋಳಿನಲ್ಲಿರುತ್ತದೆ. ಎಡ ಮೊಣಕೈಯನ್ನು ಮೇಲೆತ್ತಿದರೆ ಗಾಳಿ ಅಲ್ಲಿ ಸೇರಿ ಗುಳ್ಳೆಗಳಾಗಿ ಹೊರಬೀಳುತ್ತದೆ.

● ಗಾಳಿ ಕಾಲಿಗೆ ನುಗ್ಗಿದರೆ ಡೈವರ್ ತಲೆಕೆಳಗಾಗಿ ಮೇಲಕ್ಕೆ ಸಾಗಿಬಿಡುತ್ತಾನೆ. ತಕ್ಷಣ ಮೊಣಕಾಲು ಮಡಚಿ ಲಾಗ ಹಾಕಿ ನೆಟ್ಟಗಾಗಬೇಕು. ಕೈಕಾಲಿಗೆ ಇದು ರೂಢಿಯಾಗುವವರೆಗೆ ಈಜುಕೊಳವೇ ಸರಿಯಾದ ಜಾಗ.

● ಐಸ್‌ಲ್ಯಾಂಡ್‌ನ ಸಿಲ್ಫ್ರಾ ಬಿರುಕು ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳು ದೂರ ಸರಿಯುವ ತಾಣದಲ್ಲಿದೆ. ವರ್ಷವಿಡೀ ಅಲ್ಲಿನ ನೀರು 2ರಿಂದ 4 ಡಿಗ್ರಿ ಸೆಲ್ಸಿಯಸ್. ಹಿಮನದಿ ಕರಗಿದ ನೀರು ಲಾವಾ ಶಿಲೆಯಲ್ಲಿ ದಶಕಗಟ್ಟಲೆ ಸೋಸಿ ಬರುವುದರಿಂದ ನೀರಿನೊಳಗೆ 100 ಮೀಟರ್ ದೂರದವರೆಗೂ ಕಾಣುತ್ತದೆ. ಡ್ರೈಸೂಟ್ ಪಳಗಿಸಿಕೊಂಡವರಿಗಷ್ಟೇ ಇಲ್ಲಿ ಸ್ಕೂಬಾ ಡೈವಿಂಗ್.

● ಹೀಲಿಯಂ ಗಾಳಿಗಿಂತ ಸುಮಾರು 6 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ಅದು ಸೂಟಿನೊಳಗೆ ಸೇರಬಾರದೆಂದು, ಹೀಲಿಯಂ ಬೆರೆತ ಅನಿಲವನ್ನು ಉಸಿರಾಡುವ ಆಳದ ಡೈವರ್‌ಗಳು ಸೂಟಿಗೆಂದೇ ಬೇರೊಂದು ಪುಟ್ಟ ಸಿಲಿಂಡರ್ ಒಯ್ಯುತ್ತಾರೆ. ಕೆಲವರು ಅದರಲ್ಲಿ ಆರ್ಗಾನ್ ತುಂಬಿಸಿಕೊಳ್ಳುತ್ತಾರೆ.

● ಅಂಟಾರ್ಕ್ಟಿಕದ ಹಿಮದಡಿ ಸಮುದ್ರ ಸುಮಾರು ಮೈನಸ್ 1.8 ಡಿಗ್ರಿ. ಡ್ರೈಸೂಟ್ ತೊಟ್ಟ ವಿಜ್ಞಾನಿಗಳು ಅಲ್ಲಿಯೂ ಇಳಿಯುತ್ತಾರೆ. ಮೈ ಬೆಚ್ಚಗಿದ್ದರೂ ಮೊದಲು ಸೋಲುವುದು ಬೆರಳುಗಳು. ಜೋಮು ಹಿಡಿದ ಬೆರಳಿಗೆ ಗುಂಡಿ ಒತ್ತಲಾಗದು, ವಾಲ್ವ್ ತಿರುಗಿಸಲಾಗದು. ಆದ್ದರಿಂದ ಸಿಲಿಂಡರಿನಲ್ಲಿ ಗಾಳಿ ಎಷ್ಟೇ ಉಳಿದಿರಲಿ, ಬೆರಳು ಮಾತು ಕೇಳುತ್ತಿರುವಾಗಲೇ ಮೇಲೆ ಬಂದುಬಿಡಬೇಕು.