ಶರಾವತಿಯ ಸಂಜೆಯ ನೀರು

ಗೇರುಸೊಪ್ಪೆ ಅಣೆಕಟ್ಟಿನ ಕೆಳಗೆ ಹಕ್ಕಿ ನೋಡಲು ಕೂರುವವರು ಮೊದಲು ಬಂಡೆಗಳನ್ನು ನೋಡಬೇಕು. ಬೇಸಿಗೆಯ ಮಧ್ಯಾಹ್ನ ನೀರು ತಗ್ಗಿದಾಗ ಅವುಗಳ ಮೈಮೇಲೆ ಎರಡು ಗೆರೆ ಕಾಣುತ್ತವೆ. ಮೇಲಿನದು ಮಳೆಗಾಲದ್ದು, ಒಣಗಿ ಬೆಳ್ಳಗಾಗಿದೆ. ಕೆಳಗಿನದು ನಿನ್ನೆಯದು. ಅಲ್ಲಿ ಪಾಚಿ ಇನ್ನೂ ಹಸಿ, ಕಾಲಿಟ್ಟರೆ ಜಾರುತ್ತದೆ. ಆ ಪಾಚಿಯ ಮೇಲೆ ಕುಂಡೆಕುಸ್ಕ ಬಾಲ ಕುಣಿಸುತ್ತಾ ಹುಳ ಹೆಕ್ಕುತ್ತಿರುತ್ತದೆ.

ಹೊತ್ತು ಇಳಿದಂತೆ, ಮಳೆಯಿಲ್ಲ ಮೋಡವಿಲ್ಲ, ನೀರು ಏರತೊಡಗುತ್ತದೆ. ಸದ್ದು ಆಮೇಲೆ ಬರುತ್ತದೆ. ಮೊದಲು ಕಲ್ಲಿನ ಸಂದಿಯಲ್ಲಿ ಸುಮ್ಮನಿದ್ದ ತರಗೆಲೆಯೊಂದು ಅಲುಗಾಡಿ, ತಿರುಗಿ, ತೇಲಿ ಹೋಗುತ್ತದೆ. ಗೇಣು ನೀರು ಬಂದರೆ ಕುಂಡೆಕುಸ್ಕ ಒಂದು ಬಂಡೆ ಮೇಲಕ್ಕೆ, ಇನ್ನೊಂದು ಗೇಣು ಬಂದರೆ ಮತ್ತೊಂದಕ್ಕೆ. ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳು ಕಲ್ಲು ಬಿಟ್ಟು ದಡದ ಮರ ಸೇರುತ್ತವೆ.

ಇದು ಭರತದ ನೀರಲ್ಲ, ಕರೆಂಟಿನ ನೀರು. ಊರೂರಲ್ಲಿ ದೀಪ ಹತ್ತುವ ಈ ಹೊತ್ತಿಗೇ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು ಸುಮ್ಮನಾಗುತ್ತದೆ. ಆ ಕೊರತೆ ತುಂಬಲು ತಲಕಳಲೆ ಜಲಾಶಯದ ನೀರು ಪೆನ್‌ಸ್ಟಾಕ್ ಕೊಳವೆಗಳಲ್ಲಿ ಘಟ್ಟ ಇಳಿದು 1,035 ಮೆಗಾವ್ಯಾಟಿನ ಶರಾವತಿ ಪವರ್ ಹೌಸಿನ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಅಲ್ಲಿಂದ ಗೇರುಸೊಪ್ಪೆ ಜಲಾಶಯ, ಅದರ ಬುಡದ 240 ಮೆಗಾವ್ಯಾಟಿನ ಪವರ್ ಹೌಸು, ಆಮೇಲೆ ಈ ಬಂಡೆಗಳು.

ನದಿಯ ಮಟ್ಟದಂತೆ ಗ್ರಿಡ್ಡಿಗೂ ಒಂದು ಮಟ್ಟವಿದೆ: ಸೆಕೆಂಡಿಗೆ 50 ಆವರ್ತ, ಅಂದರೆ 50 ಹರ್ಟ್ಸ್. ಬಳಕೆ ಹೆಚ್ಚಾದರೆ ಅದು ಕುಸಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ನಮ್ಮ ದೇಶದಲ್ಲಿ ಅದು 49.90 ಮತ್ತು 50.05ರ ನಡುವೆ ಇರಬೇಕೆಂಬುದು ನಿಯಮ. ಎಲ್ಲೋ ಒಂದು ಕಲ್ಲಿದ್ದಲು ಸ್ಥಾವರದ ದೊಡ್ಡ ಯಂತ್ರ ಏಕಾಏಕಿ ಟ್ರಿಪ್ ಆಯಿತೆನ್ನಿ. ಮೊದಲ ಕ್ಷಣಗಳಲ್ಲಿ ಯಾವ ಮನುಷ್ಯನೂ ಏನೂ ಮಾಡಲಾರ. ಗ್ರಿಡ್ಡಿಗೆ ಸೇರಿ ತಿರುಗುತ್ತಿರುವ ಅಷ್ಟೂ ಜನರೇಟರುಗಳ ಭಾರವೇ ಆಗ ಕೈಹಿಡಿಯುವುದು. ಪೆಡಲು ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ಲು ಒಂದಿಷ್ಟು ದೂರ ಓಡುವ ಹಾಗೆ. ಆ ಭಾರ ತನ್ನ ವೇಗವನ್ನೇ ಕರೆಂಟಾಗಿ ಕೊಟ್ಟು ನಿಧಾನವಾಗುತ್ತದೆ. ವೇಗ ತಗ್ಗಿದ್ದನ್ನು ಪ್ರತಿ ಪವರ್ ಹೌಸಿನ ಗವರ್ನರ್ ಎಂಬ ವೇಗನಿಯಂತ್ರಕ ಕೆಲವೇ ಸೆಕೆಂಡಿನಲ್ಲಿ ಗ್ರಹಿಸಿ ನೀರನ್ನೋ ಹಬೆಯನ್ನೋ ಹೆಚ್ಚಿಸುತ್ತದೆ. ನಿಯಂತ್ರಣ ಕೇಂದ್ರದ ಫೋನು ಬರುವುದು ಇವೆಲ್ಲ ಆದ ಮೇಲೆ. ಆದರೂ ಕುಸಿತ ನಿಲ್ಲದೆ 49.4ಕ್ಕೆ ಬಂದರೆ ರಿಲೇಗಳು ತಾವಾಗಿಯೇ ಕೆಲವು ಊರುಗಳ ಫೀಡರ್ ಕಡಿದು ಉಳಿದವನ್ನು ಕಾಯುತ್ತವೆ.

ಕಾಯಲಾಗದ ದಿನವೂ ಬಂದಿತ್ತು. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ ಲೈನು ಟ್ರಿಪ್ ಆಗಿ ಉತ್ತರದ ಗ್ರಿಡ್ಡು ಬಿತ್ತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ದಕ್ಷಿಣ ಉಳಿಯಿತು. ತಾಲ್ಚೇರ್–ಕೋಲಾರದಂಥ ಡಿ.ಸಿ. ಲೈನುಗಳ ಮೂಲಕ ಮಾತ್ರ ನಾವು ಆಗ ಅವರಿಗೆ ಜೋಡಿಕೊಂಡಿದ್ದೆವು. ಆವರ್ತವೇ ಇಲ್ಲದ ಆ ತಂತಿ ದಾಟಿ ಅಲ್ಲಿನ ನಡುಕ ಬರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಎ.ಸಿ. ಲೈನು ಚಾಲೂ ಆದಂದಿನಿಂದ ಇಡೀ ದೇಶಕ್ಕೆ ಒಂದೇ ಲಯ. ಕಾಶ್ಮೀರದಲ್ಲಿ ಆದ ಪೆಟ್ಟಿಗೆ ಶರಾವತಿಯ ಗವರ್ನರೂ ಮಿಡಿಯುತ್ತದೆ.

2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೇಶ ಒಂಬತ್ತು ನಿಮಿಷ ದೀಪ ಆರಿಸಿತಲ್ಲ, ಆಗ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಇಳಿಯಿತು. ಅದನ್ನು ನಿಭಾಯಿಸಿದ್ದರಲ್ಲಿ ದೊಡ್ಡ ಪಾಲು ಜಲವಿದ್ಯುತ್ತಿನದು: ಅರ್ಧ ತಾಸಿನೊಳಗೆ ಸುಮಾರು 17,500 ಮೆಗಾವ್ಯಾಟ್ ಇಳಿಸಿ, ದೀಪ ಹತ್ತುತ್ತಲೇ ಮತ್ತೆ ಏರಿಸಿದರು. ಇಂಥ ಚುರುಕು ಕಲ್ಲಿದ್ದಲಿಗೆ ಬರುವುದಿಲ್ಲ.

ಆ ಚುರುಕಿನ ಬೆಲೆ ತೆರುವುದು ನದಿ. ಶರಾವತಿಯ ಅಳಿವೆಗೆ ಬೇಸಿಗೆಯಲ್ಲೂ ಪವರ್ ಹೌಸಿನ ಸಿಹಿನೀರು ಬರುತ್ತಲೇ ಇರುವುದರಿಂದ ಅಲ್ಲಿ ಉಪ್ಪಿನಂಶ ಕಡಿಮೆ. ಉಪ್ಪುನೀರು ಬೇಡುವ ಬಳಚು ಎಂಬ ಚಿಪ್ಪುಜೀವಿ ಕ್ಷೀಣಿಸಿದೆ. ಸ್ವಲ್ಪವೇ ಉತ್ತರಕ್ಕೆ, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು ಬುಟ್ಟಿಗಟ್ಟಲೆ ಬಳಚು ಹೆಕ್ಕುತ್ತಾರೆ. ಎರಡೂ ಅಳಿವೆಗಳನ್ನು ಒಂದೇ ವಾರದಲ್ಲಿ ನೋಡಿದವರಿಗೆ ಬೇರೆ ಪುರಾವೆ ಬೇಕಿಲ್ಲ.

ಈಗ ತಲಕಳಲೆ ಮತ್ತು ಗೇರುಸೊಪ್ಪೆಯ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿಟ್ಟಿದ್ದಾರೆ. ಹಗಲು ಮಿಗುವ ಕರೆಂಟಿನಲ್ಲಿ ನೀರನ್ನು ಮೇಲಕ್ಕೆತ್ತಿ ಸಂಜೆ ಇಳಿಸುವ ಲೆಕ್ಕ. ಸೋಲಾರ್ ಫಲಕಕ್ಕೆ ತಿರುಗುವ ಭಾರವಿಲ್ಲ. ಅದು ಹೆಚ್ಚಿದಷ್ಟೂ ಗ್ರಿಡ್ಡಿಗೆ ಇಂಥ ಆಸರೆ ಬೇಕು, ನಿಜ. ಆದರೆ ಸುರಂಗ ಕೊರೆಯಬೇಕಾದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಸಿಂಗಳೀಕ ಕೊಂಬೆಯಿಂದ ಕೊಂಬೆಗೇ ಸಾಗುವ ಪ್ರಾಣಿ. ಕಾಡಿನ ಮೇಲ್ಛಾವಣಿ ಹರಿದರೆ ಅದರ ಗುಂಪು ಅಲ್ಲಿಗೇ ನಿಲ್ಲುತ್ತದೆ.

ಬೇರೆ ದಾರಿ ಇಲ್ಲವೆನ್ನಲು ಬಾರದು. 2017ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಲೋಯ್ ಯಾಂಗ್ ಕಲ್ಲಿದ್ದಲು ಸ್ಥಾವರದ ಒಂದು ಯಂತ್ರ ಟ್ರಿಪ್ ಆದಾಗ, ಸುಮಾರು ಸಾವಿರ ಕಿಲೋಮೀಟರ್ ದೂರದ ಹಾರ್ನ್ಸ್‌ಡೇಲ್ ಬ್ಯಾಟರಿ ತಕ್ಷಣ ಗ್ರಿಡ್ಡಿಗೆ ಕರೆಂಟು ಕೊಟ್ಟಿತು. ಆ ಬ್ಯಾಟರಿ ಇರುವ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ 2021ರಲ್ಲಿ ನಾಲ್ಕು ಸಿಂಕ್ರೊನಸ್ ಕಂಡೆನ್ಸರುಗಳನ್ನು ಹಾಕಿದರು. ಕರೆಂಟು ಉತ್ಪಾದಿಸದೆ, ಭಾರಕ್ಕಾಗಿಯೇ ತಿರುಗುವ ಯಂತ್ರಗಳವು. ಇಂಥ ಬ್ಯಾಟರಿ, ಕಂಡೆನ್ಸರುಗಳನ್ನು ಪಾವಗಡದ ಬಯಲಲ್ಲೇ ನಿಲ್ಲಿಸಿದರೆ ಖರ್ಚೆಷ್ಟು, ಬ್ಯಾಟರಿ ಎಷ್ಟು ತಾಸು ತಾಳುತ್ತದೆ? ಕಣಿವೆಯ ಮೊದಲ ಮರಕ್ಕೆ ಗರಗಸ ಇಡುವ ಮುನ್ನ ಆ ಲೆಕ್ಕವನ್ನು ಸರ್ಕಾರ ನಮ್ಮೆಲ್ಲರ ಮುಂದೆ ಇಡಲಿ.