ಬಿರುಕು ಬಿಟ್ಟ ಸಿಲಿಕಾನ್, ಬ್ಯಾಟರಿ ಬೇಡದ ಕ್ಯಾಮೆರಾ

1940ರ ಫೆಬ್ರವರಿ 23. ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಸಂಶೋಧಕ ರಸೆಲ್ ಓಲ್ ಅವರ ಮುಂದಿದ್ದ ಸಿಲಿಕಾನ್ ತುಂಡು ಹೇಳಿದ ಮಾತು ಕೇಳುತ್ತಿರಲಿಲ್ಲ. ಅದರಲ್ಲಿ ಹರಿಯುವ ವಿದ್ಯುತ್ತು ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ನೀರಿನ ಬೋಗುಣಿ ಹತ್ತಿರ ತಂದರೆ ಒಂದು ಲೆಕ್ಕ, ಕಾದ ಬೆಸುಗೆ ಕಡ್ಡಿ ತಂದರೆ ಇನ್ನೊಂದು. ಸಾಲದ್ದಕ್ಕೆ ನಡುವೆ ಬಿರುಕು ಬೇರೆ. ಇನ್ನಾರೇ ಆಗಿದ್ದರೂ ಅದನ್ನು ಬುಟ್ಟಿಗೆ ಎಸೆದು ಮುಂದಿನ ತುಂಡು ಕೈಗೆತ್ತಿಕೊಳ್ಳುತ್ತಿದ್ದರು.

ಓಲ್ ಎಸೆಯುವ ಆಸಾಮಿಯಲ್ಲ. ಅತಿ ಹೆಚ್ಚು ಕಂಪನಾಂಕದ ರೇಡಿಯೋ ಅಲೆಗಳ ಮುಂದೆ ನಿರ್ವಾತ ಕೊಳವೆಗಳು ಸೋಲುತ್ತಿದ್ದ ಕಾಲ ಅದು. ಸುತ್ತಲಿನವರು ಕೊಳವೆಗಳನ್ನೇ ನೆಚ್ಚಿಕೊಂಡಿದ್ದರೂ ಸಿಲಿಕಾನಿನಂಥ ಹರಳೇ ದಾರಿ ಎಂದು ಅವರು ಹಟ ಹಿಡಿದಿದ್ದರು. ಹರಳಿನ ಕಾಟವೂ ಕಮ್ಮಿಯಿರಲಿಲ್ಲ; ಅದರ ಮೇಲಿಡುವ ಲೋಹದ ಸೂಜಿ ಒಂದೆಡೆ ತಾಗಿದರೆ ಕೆಲಸ ಮಾಡುತ್ತಿತ್ತು, ಕೂದಲೆಳೆ ಸರಿದರೆ ಇಲ್ಲ. ಸಿಲಿಕಾನನ್ನು ಶುದ್ಧಗೊಳಿಸಿದರೆ ಈ ಚಂಚಲತೆ ಅಡಗೀತೆಂದು ಜ್ಯಾಕ್ ಸ್ಕ್ಯಾಫ್, ಹೆನ್ರಿ ಥ್ಯೂರರ್ ಎಂಬ ಸಹೋದ್ಯೋಗಿಗಳಿಂದ ಅದನ್ನು ಕರಗಿಸಿ ಗಟ್ಟಿಮಾಡಿಸುತ್ತಿದ್ದರು. ಬಿರುಕು ಬಿಟ್ಟದ್ದೂ ಅಂಥದೇ ಒಂದು ತುಂಡು.

ಮಧ್ಯಾಹ್ನದ ಹೊತ್ತಿಗೆ ಕಳ್ಳ ಸಿಕ್ಕಿಬಿದ್ದ. ನೀರೂ ಅಲ್ಲ, ಬಿಸಿಯೂ ಅಲ್ಲ, ಬೆಳಕು!

ಮಾರ್ಚ್ 6ರಂದು ಓಲ್ ಆ ತುಂಡನ್ನು ಪ್ರಯೋಗಾಲಯದ ಸಂಶೋಧನಾ ನಿರ್ದೇಶಕ ಮರ್ವಿನ್ ಕೆಲ್ಲಿ ಅವರ ಕೋಣೆಗೆ ಒಯ್ದರು. ಕೆಲ್ಲಿ ಅಲ್ಲಿನ ಭೌತವಿಜ್ಞಾನಿ ವಾಲ್ಟರ್ ಬ್ರ್ಯಾಟನ್ ಅವರನ್ನು ಕರೆಸಿದರು. ಬೆಳಕು ಬಿದ್ದೊಡನೆ ಮಾಪಕದ ಮುಳ್ಳು ಸುಮಾರು ಅರ್ಧ ವೋಲ್ಟಿಗೆ ಜಿಗಿಯಿತು. ಇಂಥದ್ದನ್ನು ಕಂಡೇ ಇರದ ಬ್ರ್ಯಾಟನ್, ತನ್ನನ್ನು ಮಂಗ ಮಾಡುತ್ತಿದ್ದಾರೆ ಅಂದುಕೊಂಡರು. ಆದರೂ ಏನೋ ನಡೆಯುತ್ತಿರುವುದು ಬಿರುಕಿನ ಆಸುಪಾಸಿನ ಒಂದು ತಡೆಯಲ್ಲಿ ಎಂದು ಊಹಿಸಿದರು.

ತಡೆ ಹುಟ್ಟಿದ್ದು ಹೇಗೆ? ಅದಕ್ಕೆ ಸುಳಿವು ಕೊಟ್ಟದ್ದು ಉಪಕರಣವಲ್ಲ, ಮೂಗು. ಸ್ಕ್ಯಾಫ್ ಮತ್ತು ಥ್ಯೂರರ್‌ಗೆ ಸಿಲಿಕಾನಿನಿಂದ ಕಾರ್ಬೈಡ್ ದೀಪದ ವಾಸನೆ ಬಂತು. ಅದು ರಂಜಕದ ಗುರುತು. ಕರಗಿದ ಸಿಲಿಕಾನ್ ಗಟ್ಟಿಯಾಗುವಾಗ ಒಂದು ಕಡೆ ರಂಜಕ, ಇನ್ನೊಂದು ಕಡೆ ಬೋರಾನಿನಂಥ ಕಲ್ಮಶ ಉಳಿದುಕೊಂಡಿದ್ದವು. ಶುದ್ಧತೆಗಾಗಿ ಹೆಣಗಿದ ಓಲ್‌ಗೆ ವರ ಸಿಕ್ಕಿದ್ದು ಉಳಿದುಹೋದ ಕೊಳೆಯಿಂದ! ಎರಡರ ಗಡಿಯಲ್ಲಿ ಬೆಳಕು ಬಿಡಿಸಿದ ಋಣ, ಧನ ವಿದ್ಯುದಾವೇಶಗಳು ಎದುರುಬದುರು ದಿಕ್ಕಿಗೆ ಸರಿಯುತ್ತಿದ್ದವು.

ಅಂಥದೇ ಗಡಿ ಮುಂದೆ ಸೌರಕೋಶವಾಯಿತು, ಡಿಜಿಟಲ್ ಕ್ಯಾಮೆರಾದ ಕಣ್ಣೂ ಆಯಿತು. ಆದರೆ ವಿಚಿತ್ರ ನೋಡಿ, ಕ್ಯಾಮೆರಾದಲ್ಲಿ ಅದಕ್ಕೆ ಹೊರಗಿನಿಂದ ವಿದ್ಯುತ್ತು ಉಣಿಸುತ್ತಿದ್ದರೇ ಹೊರತು, ಅದು ಹುಟ್ಟಿಸುವ ವಿದ್ಯುತ್ತನ್ನು ಕೇಳಿ ಪಡೆದವರು ಕಡಿಮೆ.

2015ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಶ್ರೀ ನಾಯರ್ ಮತ್ತು ಸಂಗಡಿಗರು ಅದನ್ನು ಕೇಳಿದರು. ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ 30 ಅಡ್ಡಸಾಲು, 40 ಕಂಬಸಾಲುಗಳ, ಅಂದರೆ ಬರೀ 1,200 ಪಿಕ್ಸೆಲ್‌ಗಳ ಕ್ಯಾಮೆರಾ ಕಟ್ಟಿದರು. ಪ್ರತಿ ಪಿಕ್ಸೆಲ್‌ಗೂ ಎರಡೇ ಟ್ರಾನ್ಸಿಸ್ಟರು. ಬೆಳಕು ಹಿಡಿಯುವ ಆ ಗಡಿಗೆ, ಅಂದರೆ ಫೋಟೊಡಯೋಡಿಗೆ, ಹೊರಗಿನ ವೋಲ್ಟೇಜು ಇಲ್ಲ. ಅದು ಮೊದಲು ಬೆಳಕನ್ನು ಅಳೆದು ಚಿತ್ರ ಕೊಡುತ್ತಿತ್ತು. ಮುಂದಿನ ಚಿತ್ರದವರೆಗೆ ಬೀಳುವ ಬೆಳಕನ್ನು ವಿದ್ಯುತ್ತಾಗಿಸಿ ಕೂಡಿಡುತ್ತಿತ್ತು. ಬೆಳಕಿರುವ ಕೋಣೆಯಲ್ಲಿ ಬ್ಯಾಟರಿಯೇ ಇಲ್ಲದೆ ಸೆಕೆಂಡಿಗೊಂದು ಚಿತ್ರ ಬರತೊಡಗಿತು.