ಹಿಂದಣ ತನ್ನನ್ನು ಇಂದಿನ ತಾನು ಕಂಡರೆ

ಕಥೆಯೊಂದು ಸ್ವಲ್ಪ ಕಾಲ ನಡೆದು ಮುಗಿದರೆ ಅದರ ನಾಯಕನಿಗೆ ಒಂದೇ ರೂಪ ಸಾಕು. ಅದೇ ಕಥೆ ನಲವತ್ತು ಐವತ್ತು ವರ್ಷ ಮುಂದುವರಿದರೆ ಹಾಗಾಗದು. ನಟರು ಮುದುಕರಾಗುತ್ತಾರೆ, ಅವರ ಸ್ಥಳಕ್ಕೆ ಬೇರೆಯವರು ಬರುತ್ತಾರೆ; ಬರೆಯುವವರೂ ನೋಡುವವರೂ ಬದಲಾಗುತ್ತಾರೆ. ಇಂದಿನ ನಾಯಕನನ್ನು ಅಂದಿನ ನಾಯಕನ ಎದುರಿಗೇ ನಿಲ್ಲಿಸಿದರೆ ಹೇಗೆ ಎಂಬ ಆಸೆ ಆಗ ಕಥೆಗಾರರಲ್ಲಿ ಹುಟ್ಟುವುದು ಸಹಜ. 1963ರಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಕಥಾಮಾಲೆಯನ್ನು ಆರಂಭಿಸಿತು. ಅದರ ನಾಯಕನು ಸಾಯುವ ಸಂದರ್ಭ ಬಂದಾಗ ಹೊಸ ದೇಹವನ್ನು ತಾಳುತ್ತಾನೆ. 1972–73ರಲ್ಲಿ ಪ್ರಸಾರವಾದ ಒಂದು ಕಥೆಯಲ್ಲಿ ಆ ಒಬ್ಬನೇ ನಾಯಕನ ಮೂರು ರೂಪಗಳು ಒಟ್ಟಿಗೆ ಬಂದವು. 2009ರ ‘ಸ್ಟಾರ್ ಟ್ರೆಕ್’ ಚಿತ್ರದಲ್ಲಿ ಮುದುಕನಾದ ಸ್ಪಾಕ್ ತರುಣ ಸ್ಪಾಕನನ್ನು ಕಾಣುತ್ತಾನೆ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರದ ಕ್ಯಾಪ್ಟನ್ ಅಮೆರಿಕನಂತೂ 2012ರ ತನ್ನೊಡನೆ ತಾನೇ ಕಾದಾಡುತ್ತಾನೆ.

ಇದೆಲ್ಲ ಹೊರನಾಡಿನ ಹೊಸ ಚಮತ್ಕಾರವೆಂದು ವಾಚಕರು ಭಾವಿಸಬೇಕಾದುದಿಲ್ಲ. ಮಿಥಿಲೆಯಿಂದ ಮದುವೆ ಮುಗಿಸಿ ಮರಳುತ್ತಿದ್ದ ಶ್ರೀರಾಮನನ್ನು ಪರಶುರಾಮನು ಅಡ್ಡಗಟ್ಟಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ದಶಾವತಾರದ ಲೆಕ್ಕದಲ್ಲಿ ಅಲ್ಲಿ ನಡೆದದ್ದು ಆರನೆಯ ಅವತಾರಕ್ಕೂ ಏಳನೆಯ ಅವತಾರಕ್ಕೂ ನಡೆದ ಭೇಟಿಯಲ್ಲವೆ? ಇದಕ್ಕಿಂತಲೂ ಸ್ವಾರಸ್ಯವಾದ ಉದಾಹರಣೆ ನಮ್ಮ ಕಲಬುರಗಿಯ ನೆರೆಯಲ್ಲಿಯೇ ಇದೆ. ಮೊದಲು ಅದನ್ನು ನೋಡಿ, ಅನಂತರ ಭೌತವಿಜ್ಞಾನವು ಇಂಥ ಭೇಟಿಯ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ವಿಚಾರಿಸೋಣ.

ಮಾನ್ಯಖೇಟದ ಕಥೆ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಗುರುಗಳೆಂದು ಪ್ರಸಿದ್ಧರಾದ ಜಿನಸೇನಾಚಾರ್ಯರು ಪ್ರಥಮ ತೀರ್ಥಂಕರನಾದ ಆದಿನಾಥನ ಚರಿತ್ರೆಯನ್ನು ಸಂಸ್ಕೃತದಲ್ಲಿ ರಚಿಸತೊಡಗಿದರು. ಅವರು ಉಳಿಸಿದ ಭಾಗವನ್ನು ಶಿಷ್ಯರಾದ ಗುಣಭದ್ರರು ಪೂರ್ಣಗೊಳಿಸಿ ಮುಂದುವರಿಸಿದರು. 941ರಲ್ಲಿ ಪಂಪನು ಅದೇ ಚರಿತ್ರೆಯನ್ನು ಕನ್ನಡದಲ್ಲಿ ‘ಆದಿಪುರಾಣ’ವಾಗಿ ಬರೆದನು. 965ರ ವೇಳೆಗೆ ಪುಷ್ಪದಂತನು ಮಾನ್ಯಖೇಟದಲ್ಲಿಯೇ ಇದ್ದುಕೊಂಡು ಅದನ್ನೊಳಗೊಂಡ ಮಹಾಪುರಾಣವನ್ನು ಅಪಭ್ರಂಶ ಭಾಷೆಯಲ್ಲಿ ಮುಗಿಸಿದನು. 978ರಲ್ಲಿ ಚಾವುಂಡರಾಯನು ಕನ್ನಡ ಗದ್ಯದಲ್ಲಿ ಹೇಳಿದನು. ಹೀಗೆ ಕೈಯಿಂದ ಕೈಗೆ, ಭಾಷೆಯಿಂದ ಭಾಷೆಗೆ ಸಾಗಿದ ಈ ಕಥೆಯೂ ದೀರ್ಘಕಾಲ ನಡೆದ ಒಂದು ಕಥಾಮಾಲೆಯೇ ಸರಿ. ಕಥಾನಾಯಕನೂ ಒಂದೇ ರೂಪದಲ್ಲಿ ಇರುವವನಲ್ಲ. ಜಯವರ್ಮ, ಮಹಾಬಲ, ಲಲಿತಾಂಗ, ವಜ್ರಜಂಘ ಎಂದು ಮೊದಲಾಗಿ ಅನೇಕ ಭವಗಳನ್ನು ದಾಟಿ ಕೊನೆಗೆ ಆದಿನಾಥನಾಗಿ ಹುಟ್ಟಿದವನು.

ಈ ಕಥೆಯಲ್ಲಿ ನಮಗೆ ಬೇಕಾದ ಪ್ರಸಂಗಗಳು ಎರಡು. ಶ್ರೀಮತಿಯೆಂಬ ರಾಜಕುಮಾರಿಗೆ ತಾನು ಹಿಂದಿನ ಭವದಲ್ಲಿ ಸ್ವಯಂಪ್ರಭೆಯಾಗಿದ್ದುದೂ ಲಲಿತಾಂಗದೇವನು ಪತಿಯಾಗಿದ್ದುದೂ ಹಠಾತ್ತನೆ ನೆನಪಾಗುತ್ತದೆ. ಆತನು ಈಗ ಎಲ್ಲಿ ಹುಟ್ಟಿರುವನೋ ಆಕೆಗೆ ತಿಳಿಯದು. ಆಕೆ ಪೂರ್ವಭವದ ವೃತ್ತಾಂತವನ್ನು ಒಂದು ಪಟದಲ್ಲಿ ಚಿತ್ರಿಸುತ್ತಾಳೆ. ಅದನ್ನು ದಾದಿಯು ಜಿನಾಲಯದಲ್ಲಿ ಬಂದವರಿಗೆಲ್ಲ ಕಾಣುವಂತೆ ಇಡುತ್ತಾಳೆ. ವಜ್ರಜಂಘನೆಂಬ ರಾಜಕುಮಾರನು ಅಲ್ಲಿಗೆ ಬಂದು ಪಟವನ್ನು ನೋಡುತ್ತಾನೆ. ಚಿತ್ರದಲ್ಲಿರುವ ಲಲಿತಾಂಗನು ತಾನೇ ಎಂದು ಅರಿಯುತ್ತಾನೆ.

ಎರಡನೆಯದು ನೀಲಾಂಜನೆಯ ನೃತ್ಯ. ಆದಿನಾಥನ ಸಭೆಯಲ್ಲಿ ಆಕೆ ನರ್ತಿಸುತ್ತಿರುವಾಗಲೇ ಅವಳ ಆಯುಸ್ಸು ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂಥವಳನ್ನೇ ಸೃಷ್ಟಿಸಿ ಅವಳ ಜಾಗದಲ್ಲಿ ನಿಲ್ಲಿಸುತ್ತಾನೆ. ನೃತ್ಯ ನಿಲ್ಲುವುದಿಲ್ಲ, ಸಭೆಗೆ ಏನೂ ತಿಳಿಯುವುದಿಲ್ಲ. ಆದಿನಾಥನೊಬ್ಬನು ಮಾತ್ರ ಈಗ ಕುಣಿಯುತ್ತಿರುವವಳು ಆಕೆಯಲ್ಲವೆಂದು ಗುರುತಿಸುತ್ತಾನೆ, ಗುರುತಿಸಿ ವಿರಕ್ತನಾಗುತ್ತಾನೆ.

ವಜ್ರಜಂಘನ ಮತ್ತು ಲಲಿತಾಂಗನ ರೂಪ ಬೇರೆ, ವ್ಯಕ್ತಿ ಒಂದೇ. ಇಬ್ಬರು ನೀಲಾಂಜನೆಯರ ರೂಪ ಒಂದೇ, ವ್ಯಕ್ತಿ ಬೇರೆ. ಹಾಗಾದರೆ ‘ಅದೇ ವ್ಯಕ್ತಿ’ ಎಂದು ನಾವು ಯಾವುದನ್ನು ಕರೆಯಬೇಕು? ಭೌತವಿಜ್ಞಾನದ ಒಂದು ಸರಳವಾದ ಚಿತ್ರ ಇಲ್ಲಿ ನೆರವಿಗೆ ಬರುತ್ತದೆ.

ವಿಶ್ವರೇಖೆ

ಒಂದು ನಕ್ಷೆಯ ಹಾಳೆಯನ್ನು ತೆಗೆದುಕೊಳ್ಳೋಣ. ಅಡ್ಡಕ್ಕೆ ದೂರವನ್ನೂ ಕೆಳಗಿನಿಂದ ಮೇಲಕ್ಕೆ ಕಾಲವನ್ನೂ ಗುರುತಿಸೋಣ. ಎಡತುದಿಯಲ್ಲಿ ಕಲಬುರಗಿ, ಬಲಕ್ಕೆ, ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರು ದೂರದಲ್ಲಿ, ಕಮಲಾಪುರ. ವಿದ್ಯಾರ್ಥಿಯೊಬ್ಬನು ಬೆಳಗ್ಗೆ 8 ಗಂಟೆಗೆ ಕಲಬುರಗಿಯಲ್ಲಿ ಬಸ್ಸು ಹತ್ತಿ 9 ಗಂಟೆಗೆ ಕಮಲಾಪುರದಲ್ಲಿ ಇಳಿದನೆನ್ನೋಣ. ಆತನು ಬಸ್ ನಿಲ್ದಾಣದಲ್ಲಿ ಕಾದಿದ್ದಷ್ಟು ಹೊತ್ತೂ ಅವನ ರೇಖೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಏಕೆಂದರೆ ಸ್ಥಳ ಬದಲಾಗದಿದ್ದರೂ ಕಾಲ ಸರಿಯುತ್ತಿರುತ್ತದೆ. ಬಸ್ಸು ಹೊರಟಾಗ ರೇಖೆ ಬಲಕ್ಕೆ ವಾಲುತ್ತದೆ. ಹುಟ್ಟಿದಂದಿನಿಂದ ಒಬ್ಬನು ಇದ್ದ ಎಡೆಗಳನ್ನೂ ವೇಳೆಗಳನ್ನೂ ಹೀಗೆ ಸೇರಿಸಿದರೆ ದೊರೆಯುವ ಎಡೆಬಿಡದ ರೇಖೆಗೆ ವಿಶ್ವರೇಖೆಯೆಂದು ಹೆಸರು. ಈ ಬಗೆಯ ಚಿತ್ರವನ್ನು 1908ರಲ್ಲಿ ಬಳಕೆಗೆ ತಂದವನು ಐನ್‌ಸ್ಟೈನನ ಅಧ್ಯಾಪಕನಾಗಿದ್ದ ಮಿಂಕೋವ್‌ಸ್ಕಿ.

ವೇಗ ಹೆಚ್ಚಿದಷ್ಟೂ ರೇಖೆ ಹೆಚ್ಚು ವಾಲುವುದು. ಆ ವಾಲಿಕೆಗೆ ಒಂದು ಮಿತಿಯುಂಟು. ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಸಾಗುವ ಬೆಳಕಿಗೂ ಕಮಲಾಪುರವನ್ನು ಮುಟ್ಟಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 117 ಭಾಗದಷ್ಟು ಕಾಲ ಬೇಕು. ಅದಕ್ಕಿಂತ ಹೆಚ್ಚಾಗಿ ಯಾವ ವಸ್ತುವಿನ ರೇಖೆಯೂ ವಾಲಲಾರದೆಂಬುದು 1905ರಲ್ಲಿ ಐನ್‌ಸ್ಟೈನನು ಮಂಡಿಸಿದ ಸಾಪೇಕ್ಷತಾ ಸಿದ್ಧಾಂತದಿಂದ ಸಿದ್ಧವಾಗುತ್ತದೆ. ನಮ್ಮ ವಿದ್ಯಾರ್ಥಿಯು ಕಮಲಾಪುರದಿಂದ ಅದೇ ದಿನದ 8 ಗಂಟೆಗೆ ಹಿಂದಿರುಗಿ, ಬಸ್ಸಿಗಾಗಿ ಕಾಯುತ್ತಿರುವ ತನ್ನನ್ನು ಮಾತನಾಡಿಸಬೇಕಾದರೆ ಅವನ ರೇಖೆಯು ವಾಲಿ, ಅಡ್ಡವಾಗಿ, ಕೊನೆಗೆ ಕೆಳಮುಖವಾಗಿ ತಿರುಗಬೇಕು. ಎಂದರೆ ಬೆಳಕಿನ ಮಿತಿಯನ್ನು ದಾಟಬೇಕು. ಸಾಮಾನ್ಯ ಸನ್ನಿವೇಶದಲ್ಲಿ ಇದು ಅಸಾಧ್ಯ.

ಇಲ್ಲಿ ಒಂದು ಸೂಕ್ಷ್ಮವಿದೆ. ಗುರುತ್ವವು ನಕ್ಷೆಯ ಹಾಳೆಯನ್ನೇ ಬಾಗಿಸಬಲ್ಲುದು ಎಂಬುದು 1915ರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದ ಸಾರ. ಹಾಳೆಯನ್ನು ಸುರುಳಿ ಸುತ್ತಿ ಅಂಚಿಗೆ ಅಂಚನ್ನು ಅಂಟಿಸಿದರೆ, ಮೇಲಕ್ಕೇ ಹೋಗುತ್ತಿರುವ ರೇಖೆಯೂ ಹೊರಟಲ್ಲಿಗೆ ಬಂದು ಸೇರುವುದಷ್ಟೆ. ಐನ್‌ಸ್ಟೈನನ ಸಮೀಕರಣಗಳು ಇದಕ್ಕೆ ಅವಕಾಶ ಕೊಡುತ್ತವೆಂದು 1949ರಲ್ಲಿ ತೋರಿಸಿದವನು ಗಣಿತಜ್ಞನಾದ ಗೋಡೆಲ್. ಆದರೆ ಅವನ ಲೆಕ್ಕದ ವಿಶ್ವವು ಸಮಗ್ರವಾಗಿ ಆವರ್ತಿಸುವ ವಿಶ್ವ. ನಮ್ಮ ವಿಶ್ವವು ಹಾಗೆ ಆವರ್ತಿಸುತ್ತಿರುವುದಕ್ಕೆ ಯಾವ ಕುರುಹೂ ದೊರೆತಿಲ್ಲ. ನಿಸರ್ಗನಿಯಮಗಳೇ ಇಂಥ ರೇಖೆಗಳನ್ನು ತಡೆಯುತ್ತವೆಂದು 1992ರಲ್ಲಿ ಹಾಕಿಂಗ್ ಊಹಿಸಿದನು. ಅದು ಇಂದಿಗೂ ಊಹೆಯೇ ಹೊರತು ಸಿದ್ಧಪಟ್ಟ ಪ್ರಮೇಯವಲ್ಲ.

ಕಥೆಗಾರರ ಮೂರು ಉಪಾಯಗಳು

ಭೇಟಿಯಾಯಿತೆಂದೇ ಇಟ್ಟುಕೊಳ್ಳೋಣ. ಕೂಡಲೇ ಮತ್ತೊಂದು ತೊಡಕು ಬರುತ್ತದೆ. ತರುಣನಾಗಿದ್ದಾಗ ಮುದುಕನೊಬ್ಬನು ತನ್ನನ್ನು ಕಂಡದ್ದು ಮುದುಕನ ನೆನಪಿನಲ್ಲಿ ಇರಲೇಬೇಕು. ಮುದುಕನ ಬುದ್ಧಿಮಾತಿನಿಂದ ತರುಣನು ದಾರಿ ಬದಲಿಸಿದರೆ ಆ ಮುದುಕನೇ ಉಂಟಾಗುವುದಿಲ್ಲ. ಆಗ ಬುದ್ಧಿ ಹೇಳಿದವರು ಯಾರು? ಕಥೆಗಾರರು ಈ ತೊಡಕಿನಿಂದ ಪಾರಾಗಲು ಮೂರು ಉಪಾಯಗಳನ್ನು ಬಳಸಿದ್ದಾರೆ.

ಮೊದಲನೆಯದು ಮರೆವು. ‘ಡಾಕ್ಟರ್ ಹೂ’ ಮಾಲೆಯ 2013ರ ಸುವರ್ಣೋತ್ಸವದ ಕಥೆಯಲ್ಲಿ, ಹಿಂದಿನ ರೂಪಗಳಿಗೆ ಈ ಭೇಟಿಯ ನೆನಪು ಉಳಿಯದೆಂದು ಹೇಳಿಬಿಡುತ್ತಾರೆ. ಎರಡನೆಯದು ಕವಲು. ‘ಸ್ಟಾರ್ ಟ್ರೆಕ್’ ಮತ್ತು ‘ಎಂಡ್‌ಗೇಮ್’ ಚಿತ್ರಗಳಲ್ಲಿ ಹಿಂದಕ್ಕೆ ಹೋದವನು ಸೇರುವುದು ಕಾಲದ ಬೇರೊಂದು ಕವಲನ್ನು. ಆದುದರಿಂದಲೇ ‘ಎಂಡ್‌ಗೇಮ್’ ಚಿತ್ರದ ನೆಬ್ಯುಲಾ ಎಂಬವಳು 2014ರ ತನ್ನನ್ನು ಕೊಂದರೂ ತಾನು ಅಳಿಯುವುದಿಲ್ಲ. ಮೂರನೆಯದು ಸಂಗತಿ, ಎಂದರೆ ಎಲ್ಲವೂ ಮೊದಲೇ ನಡೆದಂತೆಯೇ ನಡೆಯುವುದು. 1999ರಲ್ಲಿ ಪ್ರಕಟವಾದ ಹ್ಯಾರಿ ಪಾಟರ್ ಮಾಲೆಯ ಮೂರನೆಯ ಕಾದಂಬರಿಯಲ್ಲಿ, ಕೆರೆಯಾಚೆ ನಿಂತು ತನ್ನನ್ನು ಕಾಪಾಡಿದವನು ತನ್ನ ತಂದೆಯಿರಬೇಕೆಂದು ಹುಡುಗನು ಭಾವಿಸುತ್ತಾನೆ. ಆಮೇಲೆ ಕಾಲದಲ್ಲಿ ಹಿಂದಿರುಗಿ ಅದೇ ದಡದಲ್ಲಿ ನಿಂತಾಗ, ಕಾಪಾಡಿದವನು ತಾನೇ ಎಂದು ತಿಳಿಯುತ್ತದೆ. ಹಿಂದಿನದು ಯಾವುದೂ ಬದಲಾಗಲಿಲ್ಲ. ರಷ್ಯದ ವಿಜ್ಞಾನಿ ನೋವಿಕೋವ್ ಪ್ರತಿಪಾದಿಸಿದ ತತ್ತ್ವವೂ ಇದೇ: ಸುತ್ತಿ ಬರುವ ರೇಖೆಗಳು ಇರುವುದಾದರೆ, ತಮಗೆ ತಾವೇ ವಿರುದ್ಧವಾಗದ ಘಟನೆಗಳು ಮಾತ್ರ ಅವುಗಳ ಮೇಲೆ ನಡೆಯಬಲ್ಲವು.

ಇನ್ನು ಶಕ್ತಿಯ ಲೆಕ್ಕವುಂಟು. ಕಥೆಗಳಲ್ಲಿ ಆಗಾಗ ಕಾಣುವಂತೆ 60 ಕಿಲೋಗ್ರಾಂ ತೂಕದ ದೇಹವೊಂದು ಬರಿಯ ಗಾಳಿಯಲ್ಲಿ ಧುತ್ತೆಂದು ಮೂಡಿದರೆ, ಅಷ್ಟು ದ್ರವ್ಯರಾಶಿಗೆ ಸಮನಾದ ಶಕ್ತಿ ಎಲ್ಲಿಂದಾದರೂ ಬಂದಿರಬೇಕು. ಸಾವಿರ ಮೆಗಾವಾಟಿನ ವಿದ್ಯುದಾಗಾರವೊಂದು ಸುಮಾರು 170 ವರ್ಷ ಎಡೆಬಿಡದೆ ನಡೆದರೆ ಉತ್ಪನ್ನವಾಗುವಷ್ಟು ಶಕ್ತಿ ಅದು!

ನಿಜವಾಗಿ ನಡೆಯುವ ಭೇಟಿ

ಹೀಗೆಂದ ಮಾತ್ರಕ್ಕೆ ಹಿಂದಿನದನ್ನು ಕಾಣುವುದೇ ಅಸಾಧ್ಯವೆಂದಲ್ಲ. ನಾವು ಕನ್ನಡಿಯಿಂದ ಒಂದೂವರೆ ಮೀಟರು ದೂರದಲ್ಲಿ ನಿಂತರೆ, ಕಾಣುವ ಬಿಂಬವು ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಭಾಗದಷ್ಟು ಹಿಂದಿನ ನಮ್ಮದು. ಸೂರ್ಯನು ನಮಗೆ ಕಾಣುವುದು ಸುಮಾರು 8 ನಿಮಿಷ 20 ಸೆಕೆಂಡು ಹಿಂದಿನ ರೂಪದಲ್ಲಿ. ಲುಬ್ಧಕ ನಕ್ಷತ್ರವು 8.6 ವರ್ಷ ಹಿಂದಿನ ರೂಪದಲ್ಲಿ.

ಇದಕ್ಕಿಂತ ವಿಸ್ಮಯಕರವಾದುದು ಟೈಕೋನ ನಕ್ಷತ್ರದ ವೃತ್ತಾಂತ. 1572ರ ನವೆಂಬರಿನಲ್ಲಿ ಕುಂತೀ ನಕ್ಷತ್ರಪುಂಜದಲ್ಲಿ ನಕ್ಷತ್ರವೊಂದು ಸ್ಫೋಟಗೊಂಡು ಬೆಳಗಿದುದನ್ನು ಟೈಕೋ ಬ್ರಾಹೆ ವರ್ಣಿಸಿದ್ದಾನೆ. ಆ ಬೆಳಕಿನ ಒಂದು ಪಾಲು ನೇರವಾಗಿ ಭೂಮಿಗೆ ಬಾರದೆ, ದೂರದ ಧೂಳಿನ ಮೋಡಗಳಿಗೆ ತಾಗಿ ಪ್ರತಿಫಲಿಸಿ, ಸುತ್ತುಬಳಸಿನ ದಾರಿ ಹಿಡಿಯಿತು. 2008ರಲ್ಲಿ ಜಪಾನಿನ ಸುಬಾರು ದೂರದರ್ಶಕದ ಮೂಲಕ ಖಗೋಳಜ್ಞರು ಆ ಪ್ರತಿಫಲಿತ ಬೆಳಕಿನ ವರ್ಣಪಟಲವನ್ನು ಪಡೆದರು; 436 ವರ್ಷ ತಡವಾಗಿ ಬಂದ ಬೆಳಕಿನಿಂದ ಅದು ಎಂಥ ಸ್ಫೋಟವಾಗಿತ್ತೆಂಬುದನ್ನು ನಿರ್ಣಯಿಸಿದರು. ಆ ಸ್ಫೋಟದ ಅವಶೇಷವಾದ ಅನಿಲಗೋಳವೂ ಅದೇ ಆಕಾಶದಲ್ಲಿದೆ. ಹಿಂದಿನದೂ ಇಂದಿನದೂ ಒಟ್ಟಿಗೆ ದೃಗ್ಗೋಚರವಾದವು.

ಇಲ್ಲಿ ನಕ್ಷತ್ರವು ಹಿಂದಕ್ಕೆ ಹೋಗಲಿಲ್ಲ; ಅದರ ದಾಖಲೆ ಮುಂದಕ್ಕೆ ಬಂದಿತು. ವಜ್ರಜಂಘನಿಗೆ ಆದದ್ದೂ ಇದೇ. ಆತನು ಲಲಿತಾಂಗನ ಕಾಲಕ್ಕೆ ಹೋಗಲಿಲ್ಲ. ಲಲಿತಾಂಗನ ಚಿತ್ರ ಅವನಿದ್ದಲ್ಲಿಗೆ ಬಂದಿತು. ಈ ಬಗೆಯ ಭೇಟಿಗೆ ಭೌತನಿಯಮಗಳ ಅಡ್ಡಿ ಲೇಶವೂ ಇಲ್ಲ. ಆದರೆ ದಾಖಲೆಯೊಡನೆ ವಾದಿಸಲು ಬರುವುದಿಲ್ಲ, ಅದನ್ನು ತಿದ್ದಲೂ ಬರುವುದಿಲ್ಲ. ನೋಡಬಹುದು, ನೋಡಿ ತಿಳಿಯಬಹುದು.

ಕಮಲಾಪುರದ ಬಾಳೆ

ಪರಶುರಾಮ–ಶ್ರೀರಾಮರಂತೆ ಹಿಂದಿನದೂ ಇಂದಿನದೂ ಜೀವಂತವಾಗಿ ಎದುರುಬದುರು ನಿಲ್ಲುವುದು ನಿಸರ್ಗದಲ್ಲಿ ಉಂಟೆ? ಅದಕ್ಕೆ ಹತ್ತಿರವಾದುದನ್ನು ನೋಡಬೇಕಾದರೆ ನಮ್ಮ ವಿದ್ಯಾರ್ಥಿಯ ಜೊತೆಗೆ ಕಮಲಾಪುರದಲ್ಲಿ ಇಳಿದು ತೋಟಗಳಿಗೆ ಹೋಗಬೇಕು. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ತಿನ್ನುವ ಬಾಳೆಯಲ್ಲಿ ಬಿತ್ತಿ ಬೆಳೆಯುವಂಥ ಬೀಜವಿಲ್ಲ. ತಾಯಿಗಿಡದ ಗೆಡ್ಡೆಯಿಂದ ಹೊರಟ ಕಂದೇ ಮುಂದಿನ ಗಿಡ. ತಾಯಿಯ ಜೀವಕೋಶಗಳಲ್ಲಿರುವ ವಂಶವಾಹಿಗಳೇ ಕಂದಿನಲ್ಲಿಯೂ ಇರುತ್ತವೆ. ಗೊನೆ ಹೊತ್ತ ಮುದಿಗಿಡವೂ ಅದರ ಹೊಸ ಪ್ರತಿಯೂ ಒಂದೇ ಮಡಿಯಲ್ಲಿ ಪಕ್ಕಪಕ್ಕದಲ್ಲಿ ನಿಂತಿರುತ್ತವೆ.

ಆದರೆ ಪ್ರತಿಯು ಸದ್ಗುಣಗಳನ್ನು ಮಾತ್ರ ಪಡೆಯುವುದಿಲ್ಲ. ತಾಯಿಗೆ ಒಂದು ರೋಗವನ್ನು ಎದುರಿಸುವ ಬಲವಿಲ್ಲದಿದ್ದರೆ ಸಾವಿರ ಕಂದುಗಳಲ್ಲಿ ಒಂದಕ್ಕೂ ಆ ಬಲವಿರುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ಪೇಟೆಗಳನ್ನು ತುಂಬಿದ್ದ ‘ಗ್ರೋ ಮಿಷೆಲ್’ ಎಂಬ ಬಾಳೆಯನ್ನು ಪನಾಮಾ ಸೊರಗು ರೋಗದ ಬೂಷ್ಟು 1960ರ ಹೊತ್ತಿಗೆ ರಫ್ತಿನ ವ್ಯಾಪಾರದಿಂದಲೇ ಹೊರಹಾಕಿತು. ಅದರ ಜಾಗಕ್ಕೆ ಬಂದ ‘ಕ್ಯಾವೆಂಡಿಷ್’ ಬಾಳೆಯನ್ನು ಈಗ ಅದೇ ಬೂಷ್ಟಿನ ಇನ್ನೊಂದು ತಳಿ ಕಾಡುತ್ತಿದೆ. ಅದು ಭಾರತದಲ್ಲಿ ಬಿಹಾರದ ತೋಟಗಳಲ್ಲಿ ಕಂಡುಬಂದಿದೆ. ರೋಗವಿಲ್ಲದ ಗಿಡದಿಂದಲೇ ಕಂದನ್ನು ಆರಿಸಬೇಕೆಂದು ಕೃಷಿತಜ್ಞರು ಒತ್ತಿ ಹೇಳುವುದೂ, ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲಿ ನಾನಾ ತಳಿಗಳನ್ನು ಕಾಪಾಡಿಕೊಂಡು ಬರುವುದೂ ಇದಕ್ಕಾಗಿಯೇ. ಒಂದೇ ರೂಪದ ಪುನರಾವರ್ತನೆಯನ್ನು ನೆಚ್ಚಿದ ತೋಟಕ್ಕೆ ಒಂದು ರೋಗ ಸಾಕು.

ತಾಯಿಗಿಡವೂ ಕಂದೂ ಒಂದೇ ವ್ಯಕ್ತಿಯೆ? ನೀಲಾಂಜನೆಯ ಪ್ರಸಂಗವೇ ಇದಕ್ಕೆ ಉತ್ತರ. ಬೇರ್ಪಟ್ಟ ಗಳಿಗೆಯಿಂದ ಕಂದಿನ ವಿಶ್ವರೇಖೆ ಬೇರೆ. ಅದರ ಮೇಲೆ ಬಿದ್ದ ಬಿಸಿಲು ಬೇರೆ, ಅದು ಹೀರಿದ ನೀರು ಬೇರೆ. ರೂಪ ಎಷ್ಟೇ ಒಂದಾಗಿದ್ದರೂ ರೇಖೆ ಎರಡಾದರೆ ವ್ಯಕ್ತಿಯೂ ಎರಡೇ. ರೂಪ ಎಷ್ಟೇ ಬದಲಾದರೂ ರೇಖೆ ಕಡಿಯದಿದ್ದರೆ ವ್ಯಕ್ತಿ ಒಂದೇ. ಸಭೆಯು ರೂಪವನ್ನು ನೋಡಿತು. ಆದಿನಾಥನು ರೇಖೆ ಕಡಿದುದನ್ನು ಕಂಡನು.

ಇನ್ನು ಮುಂದೆ ಇಂಥ ಚಿತ್ರವನ್ನು ನೋಡಿದಾಗ ವಿದ್ಯಾರ್ಥಿಗಳು ಮನೆಗೆ ಬಂದು ಆ ಪಾತ್ರದ ವಿಶ್ವರೇಖೆಯನ್ನು ಹಾಳೆಯ ಮೇಲೆ ಎಳೆದು ನೋಡಲಿ. ಬಂದದ್ದು ವ್ಯಕ್ತಿಯೋ, ದಾಖಲೆಯೋ, ಪ್ರತಿಯೋ? ವ್ಯಕ್ತಿಯೇ ಆಗಿದ್ದರೆ ಹಿರಿಯನಿಗೆ ಈ ಭೇಟಿಯ ನೆನಪಿದೆಯೆ? ಇಲ್ಲದಿದ್ದರೆ ಕಥೆಗಾರನು ಮರೆವನ್ನು ತಂದನೋ, ಕವಲನ್ನು ತಂದನೋ? ಎಷ್ಟೋ ಕಥೆಗಳ ಗಂಟು ಈ ಪ್ರಶ್ನೆಗಳಿಂದ ಬಿಚ್ಚಿಕೊಳ್ಳುವುದು. ಬಿಚ್ಚಿಕೊಳ್ಳದ ಕಥೆ ಸಿಕ್ಕಿದರೆ ಆ ಹಾಳೆಯನ್ನು ತರಗತಿಗೆ ತಂದು ಗೆಳೆಯರ ಮುಂದಿಡಲಿ.